ಹೇಳಬಹುದಾದದ್ದು, ಹೇಳಬಾರದ್ದು: ಇಂಗ್ಲೆಂಡಿನ ಒಂದು ಲಾಡ್ಜಿನಿಂದ

ನಾನು ಫ್ರೀಮೇಸನ್, ಅಂದರೆ ಕಲ್ಲು ಕೆಲಸದವರ ಉಪಕರಣಗಳ ಮೂಲಕ ನಡತೆಯ ಪಾಠ ಹೇಳುವ ಒಂದು ಹಳೆಯ ಸಂಘದ ಸದಸ್ಯ. ಇದನ್ನು ಹೇಳಿಕೊಳ್ಳಲು ನನಗೆ ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ನಮ್ಮ ಲಾಡ್ಜಿನಲ್ಲಿ, ಅಂದರೆ ಸಂಘದ ನಮ್ಮ ಶಾಖೆಯಲ್ಲಿ, ಇನ್ನೂ ಯಾರ್ಯಾರಿದ್ದಾರೆ ಅಂತ ಕೇಳಿದರೆ ಹೇಳುವುದಿಲ್ಲ. ಅದು ಅವರವರೇ ಹೇಳಿಕೊಳ್ಳಬೇಕಾದ ಮಾತು. ಇಂಗ್ಲೆಂಡಿಗೆ ಬಂದು ನೆಲೆಸಿದ ಮೇಲೆ ಸೇರಿಕೊಂಡೆ. ಅಂದಿನಿಂದ ಊರಿನಿಂದ ಫೋನ್ ಮಾಡುವವರ ಪ್ರಶ್ನೆ ಒಂದೇ: "ಅದೇನೋ ಗುಟ್ಟಿನ ಸಂಘ ಅಂತಲ್ಲ, ಒಳಗೆ ಏನು ಮಾಡ್ತೀರಿ?" ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೇಳಬಹುದಾದಷ್ಟನ್ನೂ ಹೇಳುತ್ತೇನೆ. ಎಲ್ಲಿ ನಿಲ್ಲಿಸುತ್ತೇನೋ ಅಲ್ಲಿ ಯಾಕೆ ನಿಲ್ಲಿಸಿದೆ ಅಂತಲೂ ಹೇಳುತ್ತೇನೆ.

ಮೊದಲು ಸ್ವಲ್ಪ ಇತಿಹಾಸ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಹತ್ತಿರ ಗೂಸ್ ಅಂಡ್ ಗ್ರಿಡ್‌ಐರನ್ ಎಂಬ ಪಾನಗೃಹವಿತ್ತು. 1717ರ ಜೂನ್ 24ರಂದು ನಾಲ್ಕು ಲಾಡ್ಜುಗಳು ಅಲ್ಲಿ ಸೇರಿ ಮೊದಲ ಗ್ರ್ಯಾಂಡ್ ಲಾಡ್ಜ್, ಅಂದರೆ ಲಾಡ್ಜುಗಳಿಗೆಲ್ಲ ಮೇಲಿನ ಸಂಸ್ಥೆ, ಕಟ್ಟಿಕೊಂಡವು ಎನ್ನುವುದು ನಮ್ಮಲ್ಲಿ ನಡೆದು ಬಂದ ಮಾತು. 1723ರಲ್ಲಿ ನಿಯಮಾವಳಿ ಅಚ್ಚಾಯಿತು. ಆಮೇಲೆ ಎರಡು ಬಣಗಳಾಗಿ, 1813ರಲ್ಲಿ ಮತ್ತೆ ಒಂದಾಗಿ, ಇವತ್ತಿನ ಯುನೈಟೆಡ್ ಗ್ರ್ಯಾಂಡ್ ಲಾಡ್ಜ್ ಆಫ್ ಇಂಗ್ಲೆಂಡ್ ಆಯಿತು. ಅದರ ಕೇಂದ್ರ ಲಂಡನ್ನಿನ ಗ್ರೇಟ್ ಕ್ವೀನ್ ಸ್ಟ್ರೀಟಿನಲ್ಲಿದೆ. 1927ರಿಂದ 1933ರವರೆಗೆ ಕಟ್ಟಿದ ದೊಡ್ಡ ಕಟ್ಟಡ. ಮೊದಲ ಮಹಾಯುದ್ಧದಲ್ಲಿ ಸತ್ತ 3,225 ಸದಸ್ಯರ ನೆನಪಿಗೆ ಕಟ್ಟಿದ್ದು. ಒಳಗೊಂದು ಮ್ಯೂಸಿಯಂ ಇದೆ, ಯಾರು ಬೇಕಾದರೂ ಹೋಗಬಹುದು. ನೀವು ಲಂಡನ್ನಿಗೆ ಬಂದರೆ ಖಂಡಿತ ನೋಡಿ.

ಇನ್ನು ಲಾಡ್ಜಿನಲ್ಲಿ ಕಲಿಸುವುದೇನು? ಇದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ಕಲ್ಲು ಕೆಲಸದವರ ಉಪಕರಣಗಳನ್ನು ಇಟ್ಟುಕೊಂಡು ನಡತೆಯ ಪಾಠ ಹೇಳುತ್ತಾರೆ. ಎಂಟರ್ಡ್ ಅಪ್ರೆಂಟಿಸ್, ಫೆಲೋ ಕ್ರಾಫ್ಟ್, ಮಾಸ್ಟರ್ ಮೇಸನ್ ಅಂತ ಮೂರು ಹಂತ. ಪ್ರತಿ ಹಂತಕ್ಕೂ ಮೂರು ಉಪಕರಣ. ಪುಸ್ತಕ ಕೊಟ್ಟು ಓದಿಕೋ ಅನ್ನುವುದಿಲ್ಲ. ಒಂದು ಸಣ್ಣ ನಾಟಕದ ನಡುವೆ ನಮ್ಮನ್ನೇ ನಿಲ್ಲಿಸಿ, ಎದುರಿಗೊಬ್ಬರು ನಿಂತು, ಬಾಯಿಪಾಠದಿಂದ ಹೇಳುತ್ತಾರೆ.

ಮೊದಲ ಹಂತದಲ್ಲಿ ಸಿಗುವುದು 24 ಇಂಚಿನ ಅಳತೆಪಟ್ಟಿ, ಸುತ್ತಿಗೆ, ಉಳಿ. 24 ಇಂಚು ಅಂದರೆ ದಿನದ 24 ಗಂಟೆ. ಒಂದು ಪಾಲು ದೇವರ ಪ್ರಾರ್ಥನೆಗೆ, ಒಂದು ಪಾಲು ದುಡಿಮೆಗೆ ಮತ್ತು ಊಟ ವಿಶ್ರಾಂತಿಗೆ, ಇನ್ನೊಂದು ಪಾಲು ಕಷ್ಟದಲ್ಲಿರುವವನ ನೆರವಿಗೆ. ಅದಕ್ಕೊಂದು ಷರತ್ತೂ ಇದೆ: ನಿನಗೆ, ನಿನ್ನನ್ನು ನಂಬಿದವರಿಗೆ ತೊಂದರೆ ಆಗದ ಹಾಗೆ ನೆರವಾಗು. ಈ ಷರತ್ತು ನನಗೆ ತುಂಬ ಇಷ್ಟ. ಹೆಂಡತಿ ಮಕ್ಕಳನ್ನು ಮರೆತು ಊರಿಗೆ ಉಪಕಾರ ಮಾಡು ಅಂತ ಇಲ್ಲಿ ಯಾರೂ ಹೇಳುವುದಿಲ್ಲ. ಸುತ್ತಿಗೆ ಅಂದರೆ ಮನಸ್ಸಾಕ್ಷಿ. ತಪ್ಪು ಯೋಚನೆಗಳನ್ನು ಬಡಿದು ಉದುರಿಸುವುದಕ್ಕೆ. ಉಳಿ ಅಂದರೆ ವಿದ್ಯೆ. ಎದುರಿಗೆ ಎರಡು ಕಲ್ಲು ಇಟ್ಟಿರುತ್ತಾರೆ. ಒಂದು ಗಣಿಯಿಂದ ಈಗಷ್ಟೇ ತಂದಂತಿರುವ ಒರಟು ಕಲ್ಲು, ಇನ್ನೊಂದು ನಯ ಮಾಡಿದ ಕಲ್ಲು. ಒರಟು ಕಲ್ಲು ಯಾರು ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ.

ಎರಡನೇ ಹಂತದಲ್ಲಿ ಮೂಲೆಮಟ್ಟ, ಮಟ್ಟಗೋಲು, ತೂಗುಗುಂಡು. ನಡತೆ ಮೂಲೆಮಟ್ಟದ ಹಾಗೆ ಸರಿಯಾಗಿರಬೇಕು. ತೂಗುಗುಂಡಿನ ಹಾಗೆ ನೆಟ್ಟಗಿರಬೇಕು. ಮಟ್ಟಗೋಲು ಹೇಳುವುದು ಎಲ್ಲರೂ ಸಮ ಅಂತ. ಇದು ಬರೀ ಬಾಯಿಮಾತಲ್ಲ ಅಂತ ನಾನು ಕಣ್ಣಾರೆ ಕಂಡಿದ್ದೇನೆ. ನಾನು ಸೇರಿದ ವರ್ಷ ಲಾಡ್ಜಿನ ಮಾಸ್ಟರ್, ಅಂದರೆ ಅಧ್ಯಕ್ಷ, ಒಬ್ಬ ಪ್ಲಂಬರ್. ಅದೇ ವರ್ಷ ಸೇರಿದ್ದ ಇನ್ನೊಬ್ಬರು ಆಸ್ಪತ್ರೆಯಲ್ಲಿ ಹಿರಿಯ ಸರ್ಜನ್. ಸಭೆ ಮುಗಿದ ಮೇಲೆ ಫೆಸ್ಟಿವ್ ಬೋರ್ಡ್ ಅಂತ ಎಲ್ಲರೂ ಕೂತು ಊಟ ಮಾಡುತ್ತೇವೆ. ಹೊಸಬರು ಬಡಿಸಬೇಕು. ಆ ಸರ್ಜನ್ ಮೇಜಿನಿಂದ ಮೇಜಿಗೆ ಓಡಾಡಿ ಪ್ಲಂಬರ್‌ಗೂ ಉಳಿದವರಿಗೂ ವೈನ್ ಸುರಿದು ಕೊಡುತ್ತಿದ್ದರು. ಇಬ್ಬರಿಗೂ ಅದು ವಿಶೇಷ ಅನ್ನಿಸಲಿಲ್ಲ. ಹೊರದೇಶದಲ್ಲಿ, ಭಾಷೆಯ ಉಚ್ಚಾರಣೆಯಿಂದಲೇ ಜನ ನಿಮ್ಮನ್ನು ಅಳೆಯುವ ಜಾಗದಲ್ಲಿ, ನನಗೆ ಅದು ಬಹಳ ದೊಡ್ಡದಾಗಿ ಕಂಡಿತು.

ಮೂರನೇ ಹಂತ ಸಾವಿನ ಬಗ್ಗೆ. ಬೈಬಲಿನಲ್ಲಿ ಬರುವ ಸೊಲೊಮನ್ ರಾಜನ ದೇವಾಲಯ ಕಟ್ಟಿದ ಮೇಸ್ತ್ರಿ ಹಿರಾಮ್ ಅಬಿಫ್‌ನ ಕಥೆ ಅದರಲ್ಲಿ ಬರುತ್ತದೆ. ಕೊಟ್ಟ ಮಾತು ಮುರಿಯುವ ಬದಲು ಪ್ರಾಣ ಬಿಟ್ಟವನ ಕಥೆ. ಅದನ್ನು ನಮಗೆ ಹೇಗೆ ಮುಟ್ಟಿಸುತ್ತಾರೆ ಅನ್ನುವುದನ್ನು ನಾನು ಹೇಳುವುದಿಲ್ಲ. ಮುಂದೆ ಆ ಬಾಗಿಲು ದಾಟುವವನಿಗೆ ಅದು ಮೊದಲ ಸಲವೇ ಆಗಬೇಕು.

ಏಪ್ರನ್ನಿನ ವಿಷಯ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು. ಹೊಸಬನಿಗೆ ಕುರಿಮರಿ ಚರ್ಮದ ಬಿಳಿ ಏಪ್ರನ್ ಕಟ್ಟುತ್ತಾರೆ. ಕಟ್ಟುವಾಗ ಒಂದು ಎಚ್ಚರಿಕೆ ಕೊಡುತ್ತಾರೆ. ಒಳಗಿರುವ ಯಾವನಾದರೂ ಸೋದರನ (ಸದಸ್ಯರನ್ನು ನಾವು ಹೀಗೇ ಕರೆಯುವುದು) ಮೇಲೆ ನಿನಗೆ ಜಗಳ, ದ್ವೇಷ ಇದ್ದರೆ ಇದನ್ನು ಕಟ್ಟಿಕೊಂಡು ಒಳಗೆ ಬರಬೇಡ. ಅವನನ್ನು ಹೊರಗೆ ಕರೆದು ಮಾತಾಡು. ಸರಿಹೋದರೆ ಇಬ್ಬರೂ ಬನ್ನಿ. ಸರಿಹೋಗದಿದ್ದರೆ ಒಬ್ಬರೋ ಇಬ್ಬರೋ ಹೊರಗೇ ಇರಿ. ಇದು ನಡೆದದ್ದನ್ನೂ ನೋಡಿದ್ದೇನೆ. ಒಂದು ಸಂಜೆ ಎಲ್ಲರೂ ಏಪ್ರನ್ ಕಟ್ಟಿಕೊಳ್ಳುತ್ತಿದ್ದಾಗ ಇಬ್ಬರು ತಮ್ಮ ಏಪ್ರನ್ ಪೆಟ್ಟಿಗೆಗಳನ್ನು ಕುರ್ಚಿಯ ಮೇಲೇ ಬಿಟ್ಟು ಹೊರಗಿನ ಪಡಸಾಲೆಗೆ ಹೋದರು. ಗಾಜಿನ ಬಾಗಿಲಿನಾಚೆ ಇಬ್ಬರೂ ನಿಂತು ಮಾತಾಡುವುದು ಕಾಣುತ್ತಿತ್ತು. ಒಬ್ಬರು ಕೈ ಆಡಿಸುತ್ತಿದ್ದರು, ಇನ್ನೊಬ್ಬರು ನೆಲ ನೋಡುತ್ತಿದ್ದರು. ಸಭೆ ತಡವಾಯಿತು. ಮಾಸ್ಟರ್ ಅವಸರ ಮಾಡಲಿಲ್ಲ. ಸ್ವಲ್ಪ ಹೊತ್ತಿಗೆ ಇಬ್ಬರೂ ಒಳಗೆ ಬಂದು, ಒಬ್ಬರ ಏಪ್ರನ್ನಿನ ಹಿಂದಿನ ಕೊಂಡಿಯನ್ನು ಇನ್ನೊಬ್ಬರು ಹಾಕಿಕೊಟ್ಟರು. ಜಗಳ ಯಾವುದರ ಬಗ್ಗೆ? ನನಗೆ ಗೊತ್ತು, ಹೇಳುವುದಿಲ್ಲ. ನನ್ನ ಮಟ್ಟಿಗೆ ನಿಜವಾದ ಗುಟ್ಟು ಅಂದರೆ ಇಂಥದ್ದು. ಒಬ್ಬರನ್ನೊಬ್ಬರು ಗುರುತಿಸಲು ಮೂರು ಶತಮಾನದಿಂದ ನಡೆದು ಬಂದ ಕೈಕುಲುಕುವ ಬಗೆಗಿಂತ ಇದು ಎಷ್ಟೋ ಜಾಸ್ತಿ ಮುಖ್ಯ.

ದೇವರ ವಿಷಯ ಎಲ್ಲರೂ ಕೇಳುತ್ತಾರೆ. ಫ್ರೀಮೇಸನ್ರಿ ಒಂದು ಧರ್ಮವಲ್ಲ. ಆದರೆ ದೇವರಲ್ಲಿ ನಂಬಿಕೆ ಇಲ್ಲದವರನ್ನು ನಮ್ಮ ಗ್ರ್ಯಾಂಡ್ ಲಾಡ್ಜ್ ಸೇರಿಸಿಕೊಳ್ಳುವುದಿಲ್ಲ. ಯಾವ ದೇವರು ಅಂತ ಕೇಳುವುದೂ ಇಲ್ಲ. ವಿಶ್ವವನ್ನು ಕಟ್ಟಿದ ಮಹಾಶಿಲ್ಪಿ ಅಂತ ಒಂದೇ ಹೆಸರಿನಿಂದ ಕರೆಯುತ್ತಾರೆ, ಅವರವರ ದೇವರನ್ನು ಅವರವರು ನೆನೆಯುತ್ತಾರೆ. ಪ್ರತಿಜ್ಞೆಯನ್ನು ಅವರವರ ಧರ್ಮಗ್ರಂಥದ ಮೇಲೆ ಕೈಯಿಟ್ಟು ಮಾಡಬಹುದು. ನಾನು ಭಗವದ್ಗೀತೆಯ ಮೇಲೆ ಮಾಡಿದೆ. ಲಾಡ್ಜಿನವರೇ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದಿಟ್ಟಿದ್ದರು. ಒಳಗೆ ಧರ್ಮದ ವಾದಕ್ಕೂ ರಾಜಕೀಯದ ಚರ್ಚೆಗೂ ಅವಕಾಶವಿಲ್ಲ. ಈ ಉದಾರತೆ ಸುಲಭಕ್ಕೆ ಬಂದದ್ದಲ್ಲ. ಬ್ರಿಟಿಷರ ಕಾಲದ ಕೋಲ್ಕತ್ತದಲ್ಲಿ ಹಿಂದೂಗಳನ್ನು ಸೇರಿಸಬೇಕೇ ಬೇಡವೇ ಎಂದು ವರ್ಷಗಟ್ಟಲೆ ತಕರಾರು ನಡೆಯಿತು. ಕೊನೆಗೆ 1872ರಲ್ಲಿ ಪ್ರಸನ್ನ ಕುಮಾರ ದತ್ತ ಎಂಬುವರಿಗೆ ಅಲ್ಲಿ ಬಾಗಿಲು ತೆರೆಯಿತು. ಅದಾಗಿ 12 ವರ್ಷಕ್ಕೆ, 1884ರಲ್ಲಿ, ಅದೇ ಊರಿನ ಆಂಕರ್ ಅಂಡ್ ಹೋಪ್ ಲಾಡ್ಜಿಗೆ ನರೇಂದ್ರನಾಥ ದತ್ತ ಎಂಬ ಯುವಕ ಸೇರಿದರು. ಮುಂದೆ ಸ್ವಾಮಿ ವಿವೇಕಾನಂದರಾದವರು ಅವರೇ.

ಈಗ ಗುಟ್ಟಿಗೆ ಬರೋಣ. ನಾವು ಗುಟ್ಟಾಗಿಡುತ್ತೇವೆ ಎಂದು ಪ್ರತಿಜ್ಞೆ ಮಾಡುವುದು ಒಬ್ಬ ಸದಸ್ಯ ಇನ್ನೊಬ್ಬನನ್ನು ಗುರುತಿಸುವ ಬಗೆಗಳನ್ನು: ಕೆಲವು ಸನ್ನೆ, ಕೈಕುಲುಕುವ ರೀತಿ, ಕೆಲವು ಪದ. ಅಷ್ಟೇ. ನಮ್ಮ ವಿಧಿಗಳ ಪುಸ್ತಕ ಅಂಗಡಿಯಲ್ಲಿ ಸಿಗುತ್ತದೆ. ಜೇಬಿಗೆ ಹಿಡಿಸುವ ಪುಟ್ಟ ನೀಲಿ ಪುಸ್ತಕ. ಗುಟ್ಟಿನ ಪದ ಬರುವ ಕಡೆ ಮೊದಲ ಅಕ್ಷರ ಹಾಕಿ ಮುಂದೆ ಚುಕ್ಕಿ ಇಟ್ಟಿರುತ್ತಾರೆ. ಆ ಚುಕ್ಕಿಗಳಲ್ಲಿ ಏನಿದೆ ಅನ್ನುವುದೂ ಹೊರಗಿನವರಿಗೆ ಗೊತ್ತಿಲ್ಲದ್ದೇನಲ್ಲ. 1730ರಲ್ಲೇ ಸ್ಯಾಮ್ಯುಯೆಲ್ ಪ್ರಿಚರ್ಡ್ ಎಂಬಾತ ಲಂಡನ್ನಿನಲ್ಲಿ ಎಲ್ಲವನ್ನೂ ಅಚ್ಚು ಹಾಕಿಸಿ ಮಾರಿದ್ದ. ಹಾಗಿದ್ದರೆ ನಾನೇಕೆ ಇನ್ನೂ ಹೇಳುವುದಿಲ್ಲ? ಹೇಳುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ, ಅದಕ್ಕೆ. ಇಂಟರ್ನೆಟ್ಟಿನಲ್ಲಿ ಸಿಗುತ್ತದೆ ಅನ್ನುವುದು ನನ್ನ ಮಾತನ್ನು ಸಡಿಲ ಮಾಡುವುದಿಲ್ಲ. ಸಣ್ಣ ಪದವೊಂದನ್ನು ಬಾಯಿ ಬಿಡದೆ ಇಟ್ಟುಕೊಳ್ಳಲು ಆಗದವನ ಹತ್ತಿರ, ಕೆಲಸ ಕಳೆದುಕೊಂಡೆ ಎಂದೋ ಮಗ ಮನೆಬಿಟ್ಟು ಹೋದ ಎಂದೋ ಒಬ್ಬ ಬಂದು ಹೇಳಿಕೊಳ್ಳುವುದು ಹೇಗೆ?

ಈ ಮೌನಕ್ಕೂ ಒಂದು ಗಡಿಯಿದೆ. ಸೋದರ ನಂಬಿ ಹೇಳಿದ್ದನ್ನು ಕಾಪಾಡು ಎನ್ನುವ ಪ್ರತಿಜ್ಞೆಯಲ್ಲೇ ಕೊಲೆ, ದೇಶದ್ರೋಹ, ಘೋರ ಅಪರಾಧ, ಕಾನೂನಿಗೆ ವಿರುದ್ಧವಾದ ಕೆಲಸಗಳನ್ನು ಹೆಸರು ಹೇಳಿ ಹೊರಗಿಟ್ಟಿದ್ದಾರೆ. ಸದಸ್ಯತ್ವವನ್ನು ಸ್ವಂತ ಲಾಭಕ್ಕೆ ಬಳಸುವುದೂ ನಿಷಿದ್ಧ. ಹಳೆಯ ಪ್ರತಿಜ್ಞೆಯಲ್ಲಿ ಮಾತು ಮುರಿದರೆ ಗಂಟಲು ಸೀಳುವಂಥ ಭಯಂಕರ ಶಿಕ್ಷೆಗಳ ಹೆಸರಿತ್ತು, ನಿಜ. ಯಾರಿಗೂ ಅದನ್ನು ಮಾಡುವ ಉದ್ದೇಶವಿರಲಿಲ್ಲ. ಆದರೂ 1986ರಲ್ಲಿ ಇಂಗ್ಲೆಂಡಿನ ಗ್ರ್ಯಾಂಡ್ ಲಾಡ್ಜ್ ಅದನ್ನು ಪ್ರತಿಜ್ಞೆಯಿಂದ ತೆಗೆದುಹಾಕಿತು. ಒಳ್ಳೆಯದೇ ಆಯಿತು.

ಇಲ್ಲಿಯ ಜನರ ಅನುಮಾನ ಮಾತ್ರ ಪೂರ್ತಿ ಹೋಗಿಲ್ಲ. ಪೊಲೀಸರಲ್ಲಿ, ನ್ಯಾಯಾಧೀಶರಲ್ಲಿ ಮೇಸನ್ನರಿದ್ದರೆ ಒಬ್ಬರಿಗೊಬ್ಬರು ಸಹಾಯ ಮಾಡಿಕೊಳ್ಳುತ್ತಾರೆ ಎಂಬ ಭಯ. 1998ರಿಂದ ಹೊಸದಾಗಿ ನೇಮಕವಾಗುವ ನ್ಯಾಯಾಧೀಶರು ಸದಸ್ಯತ್ವವನ್ನು ತಿಳಿಸಬೇಕಿತ್ತು. 2009ರಲ್ಲಿ ಆ ನಿಯಮ ಕೈಬಿಟ್ಟರು. ನಮ್ಮವರಲ್ಲಿ ಕೆಲವರಿಗೆ ಇಂಥ ಪ್ರಶ್ನೆ ಕೇಳಿದರೆ ಸಿಟ್ಟು ಬರುತ್ತದೆ. ನನಗೆ ಬರುವುದಿಲ್ಲ. ತೀರ್ಪು ಕೊಡುವವನ ಬಗ್ಗೆ ಜನ ಕೇಳುವುದು ಸಹಜ. ನಾನು ಕೆಲಸ ಮಾಡುವ ಕಡೆ ಎಲ್ಲರಿಗೂ ನಾನೇ ಹೇಳಿದ್ದೇನೆ.

ಇಷ್ಟೊಂದು ಮೌನ ಮೊದಲಿಂದ ಇದ್ದದ್ದೂ ಅಲ್ಲ. 1799ರ ಕಾನೂನಿನ ಪ್ರಕಾರ ಪ್ರತಿ ಲಾಡ್ಜ್ ತನ್ನ ಸದಸ್ಯರ ಪಟ್ಟಿಯನ್ನು ಪ್ರತಿವರ್ಷ ಸರ್ಕಾರಿ ಅಧಿಕಾರಿಗೆ ಕೊಡಬೇಕಿತ್ತು. 1967ರವರೆಗೂ ಅದು ನಡೆಯಿತು. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಮೇಸನ್ನರು ಏಪ್ರನ್ ಕಟ್ಟಿಕೊಂಡು ಬೀದಿಯಲ್ಲಿ ಮೆರವಣಿಗೆ ಹೋಗುತ್ತಿದ್ದರು, ಕಟ್ಟಡಗಳಿಗೆ ಅಡಿಗಲ್ಲು ಇಡುತ್ತಿದ್ದರು, ಪತ್ರಿಕೆಗಳಲ್ಲಿ ವರದಿ ಬರುತ್ತಿತ್ತು. ಆಮೇಲೆ ಹಿಟ್ಲರ್ ಬಂದ. ಜರ್ಮನಿಯ ಲಾಡ್ಜುಗಳನ್ನು ಮುಚ್ಚಿಸಿದರು, ಆಸ್ತಿ ಕಸಿದರು. ಬ್ರಿಟನ್ನಿನ ಜೆರ್ಸಿ ದ್ವೀಪವನ್ನು ಹಿಡಿದ ಜರ್ಮನರು 1941ರಲ್ಲಿ ಅಲ್ಲಿಯ ಮೇಸೋನಿಕ್ ಮಂದಿರವನ್ನು ದೋಚಿ ಸಾಮಾನುಗಳನ್ನು ಬರ್ಲಿನ್ನಿಗೆ ಸಾಗಿಸಿದರು. ಇಲ್ಲಿಗೂ ಬಂದರೆ ಗತಿಯೇನು ಅಂತ ಇಂಗ್ಲೆಂಡಿನವರು ಬಾಯಿ ಮುಚ್ಚಿಕೊಂಡರು. ಯುದ್ಧ ಮುಗಿದರೂ ಬಾಯಿ ತೆರೆಯಲಿಲ್ಲ. ಒಂದು ತಲೆಮಾರಿನ ಗಂಡಸರು ಸ್ವಂತ ಮಕ್ಕಳಿಗೂ ಹೇಳದೆ ಸತ್ತರು. 1980ರ ದಶಕದಲ್ಲಿ ಗ್ರ್ಯಾಂಡ್ ಲಾಡ್ಜ್ ಮತ್ತೆ ಬಾಗಿಲು ತೆರೆಯಿತು. ಆ ನಡುವಿನ ಮೌನದಿಂದಲೇ ಅರ್ಧ ಪುಕಾರುಗಳು ಹುಟ್ಟಿದ್ದು ಅನ್ನುವುದು ನನ್ನ ಅಭಿಪ್ರಾಯ.

ನಮ್ಮಲ್ಲಿ ಒಬ್ಬ ಹಿರಿಯರಿದ್ದಾರೆ, ನಿವೃತ್ತ ಬಸ್ ಚಾಲಕರು. ಅವರನ್ನು ಕೇಳಿ, ಅವರು ಒಪ್ಪಿದ ಮೇಲೇ ಇದನ್ನು ಬರೆಯುತ್ತಿದ್ದೇನೆ. ಶಾಲೆಗೆ ಹೋದದ್ದು ಕಮ್ಮಿ. ಆದರೆ ಹದಿನೈದು ಇಪ್ಪತ್ತು ನಿಮಿಷದ ಉಪದೇಶವನ್ನು ಒಂದಕ್ಷರ ತಪ್ಪದೆ ಹೇಳುತ್ತಾರೆ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಮಾತಿಗೆ ಯಾರೂ ಇಲ್ಲದೆ, ಬೆಳಿಗ್ಗೆ ಚಹಾ ಕುಡಿಯುತ್ತ ಆ ಸಾಲುಗಳನ್ನೇ ಗಟ್ಟಿಯಾಗಿ ಹೇಳಿಕೊಳ್ಳುತ್ತಾರಂತೆ. ಅಳತೆಪಟ್ಟಿಯ ಪಾಠವನ್ನು ನನಗೆ ಹೇಳಿದ್ದು ಅವರೇ. ಹೇಳುವಾಗ ಪುಸ್ತಕ ಓದಿದ ಹಾಗೆ ಇರಲಿಲ್ಲ. ನನ್ನ ಕಣ್ಣಲ್ಲಿ ಕಣ್ಣಿಟ್ಟು, ನನಗೊಬ್ಬನಿಗೇ ಅನ್ನುವ ಹಾಗೆ ಹೇಳಿದರು. ಇಂಗ್ಲೆಂಡಿನಲ್ಲಿ ಅಷ್ಟು ನಿಧಾನವಾಗಿ, ನನ್ನ ಒಳಿತಿಗೆ ಅಂತ ಅದುವರೆಗೆ ಯಾರೂ ಮಾತಾಡಿರಲಿಲ್ಲ.

ಹೆಂಗಸರಿಗೆ ನಮ್ಮ ಲಾಡ್ಜಿನಲ್ಲಿ ಸದಸ್ಯತ್ವ ಇಲ್ಲ. ಅವರದೇ ಪ್ರತ್ಯೇಕ ಸಂಸ್ಥೆಗಳಿವೆ, ಒಂದು 1908ರಿಂದಲೂ ನಡೆಯುತ್ತಿದೆ. ಈ ಬೇರ್ಪಡಿಕೆ ಎಷ್ಟು ದಿನ ನಡೆಯಬೇಕು ಅನ್ನುವುದರಲ್ಲಿ ನನಗೂ ಗೆಳೆಯರಿಗೂ ಭಿನ್ನಾಭಿಪ್ರಾಯ ಇದೆ. ನನ್ನ ಪ್ರಕಾರ ಈಗಲೇ ಜಾಸ್ತಿ ಆಯಿತು.

ಕೊನೆಗೆ, ಇದನ್ನು ಓದಿ ಸೇರುವ ಮನಸ್ಸಾದವರಿಗೆ ಒಂದೆರಡು ಮಾತು. ಭಾರತಕ್ಕೆ 1961ರಿಂದ ತನ್ನದೇ ಗ್ರ್ಯಾಂಡ್ ಲಾಡ್ಜ್ ಇದೆ, ಇಂಗ್ಲೆಂಡನ್ನು ಕಾಯಬೇಕಿಲ್ಲ. ಒತ್ತಾಯ ಮಾಡಿ ಯಾರೂ ಕರೆಯುವುದಿಲ್ಲ, ನೀವಾಗಿಯೇ ಕೇಳಬೇಕು. ಮೊದಲು ಮನೆಯವರ ಹತ್ತಿರ ಮಾತಾಡಿ. ಸಂಜೆಗಳು ಹೋಗುತ್ತವೆ, ಚಂದಾ ಕಟ್ಟಬೇಕು, ದಾನಕ್ಕೂ ಕೊಡಬೇಕು. ನಿಯಮಾವಳಿ ಬೇಕಾದರೆ ಪೂರ್ತಿ ಓದಿಕೊಳ್ಳಿ, ಅದು ಬಹಿರಂಗವಾಗಿಯೇ ಇದೆ. ಸೇರುವ ವಿಧಿಯಲ್ಲಿ ಪ್ಯಾಂಟಿನ ಕಾಲು ಮಡಚಿಸುತ್ತಾರಂತೆ, ಹೌದಾ ಅಂತ ಕೇಳಿದರೆ ಹೌದು, ಮಡಚಿಸುತ್ತಾರೆ, ಅದಕ್ಕೊಂದು ಅರ್ಥವಿದೆ. ವಿಧಿಗಳ ವಿಡಿಯೋಗಳನ್ನು ಮಾತ್ರ ಸುಮ್ನೆ ಕುತೂಹಲಕ್ಕೆ ನೋಡಬೇಡಿ. ನೋಡದೆ ಹೋದವರಿಗೆ ಆ ಸಂಜೆ ಸಿಗುವ ಅನುಭವ ನೋಡಿ ಹೋದವರಿಗೆ ಸಿಗುವುದಿಲ್ಲ. ಬೇರೆ ಏನೇ ಕೇಳುವುದಿದ್ದರೂ ನನ್ನನ್ನೇ ಕೇಳಿ.