ಮೊಲವೋ ಅಂಗಾಂಶವೋ: ನಿರ್ಧಾರ ಯಾರ ಕೈಯಲ್ಲಿರಬೇಕು?

ಪ್ರಾಣಿ ಪ್ರಯೋಗ ತಗ್ಗಿಸುವ ಮಸೂದೆಯ ಸುದ್ದಿ ಬಂದಾಗಲೆಲ್ಲ, ಅದು ನಿರ್ಧಾರವನ್ನು ಯಾರ ಕೈಗೆ ಕೊಟ್ಟಿದೆ ಎಂಬುದನ್ನೇ ನಾನು ಮೊದಲು ನೋಡುತ್ತೇನೆ. ನೆಲ ಒರೆಸುವ ದ್ರಾವಣವೊಂದು ಕಣ್ಣಿಗೆ ಹಾನಿ ಮಾಡುತ್ತದೆಯೇ ಎಂಬ ಪರೀಕ್ಷೆಗೆ ನಾನು ಸ್ಟಡಿ ಡೈರೆಕ್ಟರ್ (ಅಧ್ಯಯನದ ಹೊಣೆ ಹೊತ್ತವಳು) ಆಗಿದ್ದಾಗ ನಡೆದದ್ದೇ ಇದಕ್ಕೆ ಕಾರಣ.

ಮಾನವ ಜೀವಕೋಶಗಳಿಂದ ಬೆಳೆಸಿದ ಕಾರ್ನಿಯಾ ಮಾದರಿಯ ಮೇಲೆ, ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 492ನೇ ಮಾರ್ಗಸೂಚಿಯಂತೆ ಪರೀಕ್ಷೆ ಎಂದು ಸ್ಟಡಿ ಪ್ಲಾನ್‌ಗೆ ಸಹಿಯಾಗಿತ್ತು. ಆದರೆ ವಿದೇಶದಿಂದ ಬಂದ ಅಂಗಾಂಶದ ಪೆಟ್ಟಿಗೆ ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡಿತು. ಕಾಗದಪತ್ರ ಸರಿಹೋಗುವವರೆಗೆ ಜೀವಂತ ಅಂಗಾಂಶ ಕಾಯುವುದಿಲ್ಲ. ಸಂಜೆ ಸ್ಪಾನ್ಸರ್ (ಪರೀಕ್ಷೆ ಮಾಡಿಸುವ ಕಂಪನಿ) ಕಡೆಯವರು ಫೋನಿನಲ್ಲಿ, ‘ಮೇಡಂ, ಮೊಲದಲ್ಲೇ ಮುಗಿಸಿಬಿಡಿ, ಕಾನೂನಿನ ಅಡ್ಡಿಯೇನೂ ಇಲ್ಲವಲ್ಲ’ ಎಂದರು. ಪ್ರಾಣಿ ಪ್ರಯೋಗಕ್ಕೆ ಅನುಮತಿ ಕೋರುವ ಫಾರ್ಮ್ ಬಿ ಸಿದ್ಧಮಾಡಿ ಎಂದು ನಮ್ಮ ಮ್ಯಾನೇಜ್‌ಮೆಂಟ್ ಕೂಡ ಹೇಳಿತು.

ಅಡ್ಡಿಯಿಲ್ಲ ಎಂಬುದು ನಿಜವೇ. 2014ರಲ್ಲಿ ಬಂದ 148-ಸಿ ನಿಯಮ ಪ್ರಾಣಿಗಳ ಮೇಲೆ ಸೌಂದರ್ಯವರ್ಧಕಗಳ ಪರೀಕ್ಷೆಯನ್ನು ನಿಷೇಧಿಸಿತು; ನೆಲ ಒರೆಸುವ ದ್ರಾವಣ ಆ ವರ್ಗಕ್ಕೆ ಸೇರುವುದಿಲ್ಲ. ಒಂದೇ ಸರ್ಫ್ಯಾಕ್ಟೆಂಟ್ (ಕೊಳೆ ತೆಗೆಯುವ ರಾಸಾಯನಿಕ) ಶಾಂಪೂವಿಗೆ ಹೋದರೆ ಮೊಲ ಪಾರಾಗುತ್ತದೆ, ನೆಲದ ದ್ರಾವಣಕ್ಕೆ ಹೋದರೆ ಅದನ್ನು ಒಇಸಿಡಿಯ 405ನೇ ಮಾರ್ಗಸೂಚಿಯಂತೆ ಮೊಲದ ಕಣ್ಣಿಗೆ ಹಾಕಿ 21 ದಿನಗಳವರೆಗೆ ಗಮನಿಸಬಹುದು. ಇದು ನನಗೆ ಅನ್ಯಾಯವೆಂದೇ ಕಾಣುತ್ತದೆ. ಪ್ರಾಣಿರಹಿತ ವಿಧಾನಗಳನ್ನು ಮೊದಲು ಪರಿಗಣಿಸಿ ಎಂದು 405 ತಾನೇ ಹೇಳುತ್ತದೆ ಎಂಬ ಆಧಾರದ ಮೇಲೆ ಫಾರ್ಮ್ ಬಿ ತಡೆಹಿಡಿದೆ.

ಮರುದಿನ ಪೆಟ್ಟಿಗೆ ಬಿಡುಗಡೆಯಾಯಿತು. ಹೋಲಿಕೆಗೆಂದು ಬರೀ ನೀರು ಹಾಕಿದ ಅಂಗಾಂಶ (ನೆಗೆಟಿವ್ ಕಂಟ್ರೋಲ್), ಜೀವಂತ ಕೋಶಗಳಲ್ಲಿ ನೇರಳೆಯಾಗುವ ಎಂಟಿಟಿ ದ್ರಾವಣದಲ್ಲಿ ಗಾಢ ನೇರಳೆಗೆ ತಿರುಗದಿದ್ದರೆ ಇಡೀ ರನ್ ಅಮಾನ್ಯ, ಮತ್ತೆ ಮೊಲದ ಮಾತೇ. ಇನ್‌ಕ್ಯುಬೇಟರ್‌ನಿಂದ ಪ್ಲೇಟ್ ತೆಗೆದು ಚಿಮಟದಲ್ಲಿ ಮೊದಲ ಇನ್ಸರ್ಟ್ (ಅಂಗಾಂಶವಿರುವ ಪುಟ್ಟ ಬಟ್ಟಲು) ಎತ್ತಿ ತಿರುಗಿಸಿದಾಗ, ಅಂಚಿನಿಂದ ಅಂಚಿಗೆ ಸಮನಾಗಿ ಹರಡಿದ್ದ ನೇರಳೆ ಕಂಡಿತು. ಬಣ್ಣದ ಗಾಢತೆಯ ಅಳತೆ (ಓಡಿ) ಮಿತಿಯೊಳಗಿತ್ತು; ನಮ್ಮ ದ್ರಾವಣ ಹಾಕಿದ ಅಂಗಾಂಶದಲ್ಲಿ ಬದುಕುಳಿದ ಕೋಶಗಳ ಪ್ರಮಾಣ (ವಯಬಿಲಿಟಿ) ಶೇ. 60ಕ್ಕಿಂತ ಮೇಲಿತ್ತು, ಅಂದರೆ ಅದು ಕಣ್ಣಿಗೆ ಹಾನಿಕರವೆಂಬ ವರ್ಗಕ್ಕೆ ಸೇರಲಿಲ್ಲ. ಮೊಲದ ಅಗತ್ಯ ಬೀಳಲಿಲ್ಲ.

ಅಮೆರಿಕದಲ್ಲಿ 2022ರ ಎಫ್‌ಡಿಎ ಮಾಡರ್ನೈಸೇಶನ್ ಆ್ಯಕ್ಟ್ 2.0, ನಮ್ಮಲ್ಲಿ 2023ರ ಹೊಸ ಔಷಧ ನಿಯಮಗಳ ತಿದ್ದುಪಡಿ, ಎರಡೂ ಔಷಧಗಳಿಗೆ ಪ್ರಾಣಿರಹಿತ ವಿಧಾನಗಳ ಅವಕಾಶ ಕೊಟ್ಟವೇ ಹೊರತು ಪ್ರಾಣಿಗಳ ಬಳಕೆಯನ್ನು ನಿಷೇಧಿಸಲಿಲ್ಲ. ಅವಕಾಶವಷ್ಟೇ ಇದ್ದರೆ, ಗಡುವು ಹತ್ತಿರವಾದ ಸಂಜೆ ಅದು ಸ್ಪಾನ್ಸರ್‌ನ ಖರೀದಿ ವಿಭಾಗದ ನಿರ್ಧಾರವಾಗಿಬಿಡುತ್ತದೆ. ಮಾನ್ಯತೆ ಪಡೆದ ಪರ್ಯಾಯ ಇರುವಲ್ಲಿ, ಉತ್ಪನ್ನ ಯಾವುದೇ ಆಗಿರಲಿ, ಪ್ರಾಣಿಯನ್ನು ಬಳಸಕೂಡದು ಎಂದು ಮುಂದಿನ ಮಸೂದೆ ಹೇಳಬೇಕು. ಅಂಗಾಂಶದ ಆಮದಿಗೆ ಶೀಘ್ರ ಅನುಮತಿಯ ವ್ಯವಸ್ಥೆಯೂ ಅದರ ಜೊತೆಗೇ ಬರಬೇಕು. ಅಲ್ಲಿಯವರೆಗೆ ನಮ್ಮಲ್ಲಿ, ಆಮದು ದಾಖಲೆಗಳು ಕ್ಯೂಎ (ಗುಣಮಟ್ಟ ಖಾತರಿ ವಿಭಾಗ) ಕೈ ಸೇರದೆ ಯಾವ ಸ್ಟಡಿ ಪ್ಲಾನ್‌ಗೂ ನಾನು ಸಹಿ ಹಾಕುವುದಿಲ್ಲ.