ನವೆಂಬರ್ ತಿಂಗಳ ಕಾಗದಗಳು

ಭಾನುವಾರ, 17 ನವೆಂಬರ್ 2024

ಮಾಜಿ ಸೈನಿಕರ ಮನೆಯವರಿಗೆ ನೆರವಾಗುವ ಹೆಂಗಸರ ಗುಂಪೊಂದಕ್ಕೆ ಸೇರಿಕೊಂಡೆ. ನಮ್ಮ ಮನೆಯಲ್ಲಿ ಯಾರೂ ಮಿಲ್ಟ್ರಿಯಲ್ಲಿ ಇದ್ದವರಲ್ಲ. ಪಕ್ಕದ ಮನೆಯ ಅಕ್ಕ, ರಿಟೈರ್ಡ್ ಸುಬೇದಾರರ ಹೆಂಡತಿ, "ನಿಮಗೆ ಕಂಪ್ಯೂಟರ್ ಬರುತ್ತಲ್ವಾ, ಬನ್ನಿ" ಅಂದರು. ನನ್ನ ಅರ್ಹತೆ ಅಷ್ಟೇ.

ಹೋಗುವಾಗ ತಲೆಯಲ್ಲಿ ಇದ್ದದ್ದು ಹಾರ, ಶಾಲು, ದೇಶಭಕ್ತಿ ಗೀತೆ. ಅಲ್ಲಿ ನೋಡಿದರೆ ಬರೀ ಕಾಗದ. ಪಿಪಿಒ (ಪಿಂಚಣಿ ಕೊಡಲು ಹೊರಡಿಸುವ ಆದೇಶ ಪತ್ರ), ಡಿಸ್ಚಾರ್ಜ್ ಬುಕ್, ಇಸಿಎಚ್‌ಎಸ್ ಅನ್ನೋ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಕಾರ್ಡು, ಪಾಸ್‌ಬುಕ್, ಎಲ್ಲ ಒಂದೇ ಪ್ಲಾಸ್ಟಿಕ್ ಕವರ್‌ನಲ್ಲಿ. ಬದುಕಿದ್ದೇನೆ ಅಂತ ವರ್ಷಕ್ಕೊಮ್ಮೆ ತೋರಿಸದಿದ್ದರೆ ಪಿಂಚಣಿ ನಿಲ್ಲುತ್ತದೆ. ಅದಕ್ಕೇ ನವೆಂಬರ್‌ನಲ್ಲಿ ಇಷ್ಟು ಜನ. (80 ದಾಟಿದವರು ಅಕ್ಟೋಬರ್ 1ರಿಂದಲೇ ಮಾಡಿಸಬಹುದು. ಈ ವಿಷಯ ಬಂದವರಲ್ಲಿ ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ.)

ನನ್ನ ಮುಂದೆ ಕೂತ ಅಜ್ಜಿಯ ಹೆಬ್ಬೆರಳನ್ನು ಯಂತ್ರ ಒಪ್ಪಲೇ ಇಲ್ಲ. ಒರೆಸಿದೆವು, ಒದ್ದೆ ಮಾಡಿದೆವು, ಬೇರೆ ಬೆರಳು ಇಟ್ಟೆವು. ಮಣ್ಣಿನ ಕೆಲಸ ಮಾಡಿ ಮಾಡಿ ಗೆರೆಗಳೇ ಸವೆದಿವೆ. ಪುಣ್ಯಕ್ಕೆ 2021ರಿಂದ ಮೊಬೈಲ್‌ಗೆ ಮುಖ ತೋರಿಸಿದರೂ ಆಗುತ್ತದೆ. "ಕಣ್ಣು ಮಿಟುಕಿಸಿ ಅಜ್ಜಿ" ಅಂದೆ. ಅವರು ಎರಡೂ ಕಣ್ಣು ಬಿಗಿಯಾಗಿ ಮುಚ್ಚಿ ಹಾಗೇ ಕೂತುಬಿಟ್ಟರು, ಇಂಜೆಕ್ಷನ್‌ಗೆ ಹೆದರಿದ ಮಗುವಿನ ಹಾಗೆ. ಮೊಮ್ಮಗ ಎದುರಿಗೆ ನಿಂತು ತಾನೇ ಮಿಟುಕಿಸಿ ತೋರಿಸಿದ ಮೇಲೆ ಆಯ್ತು. "ಫೋಟೋ ಕೊಡಲ್ವಾ?" ಅಂತ ಕೇಳಿದರು.

ಇದೆಲ್ಲ ಸುಲಭದ ಕೆಲಸ. ಕಷ್ಟ ಇರೋದು ಹೆಸರಿನಲ್ಲಿ.

ಗಂಡ ತೀರಿಕೊಂಡು ಕುಟುಂಬ ಪಿಂಚಣಿಗೆ ಅಲೆಯುತ್ತಿರುವ ಒಬ್ಬರು ಮಗಳ ಜೊತೆ ಬಂದಿದ್ದರು. ಆಧಾರ್‌ನಲ್ಲಿ ಹೆಸರಿನ ಕೊನೆಗೆ "ಅಮ್ಮ" ಇದೆ. ಸೈನ್ಯದ ದಾಖಲೆಯಲ್ಲಿ "ದೇವಿ"! ಎಷ್ಟೋ ವರ್ಷದ ಹಿಂದೆ ಯಾವ ಗುಮಾಸ್ತರು ಬರೆದರೋ ಏನೋ. ಹುಟ್ಟಿದ ದಿನವೂ ಹೊಂದುವುದಿಲ್ಲ. ಗಂಡ ಇರುವವರೆಗೆ ಪಿಂಚಣಿ ಅವರ ಹೆಸರಿಗೇ ಬರುತ್ತಿತ್ತು, ಆದ್ದರಿಂದ ಯಾರೂ ನೋಡಿರಲಿಲ್ಲ. "ಇಷ್ಟು ವರ್ಷ ಅವರ ಜೊತೆ ಸಂಸಾರ ಮಾಡಿದ್ದು ಬೇರೆ ಯಾರೋ ಅನ್ನೋ ಹಾಗೆ ಮಾತಾಡ್ತಾರಮ್ಮ" ಅಂದರು. ನನಗೆ ಏನು ಹೇಳಬೇಕೋ ತೋಚಲಿಲ್ಲ. ಅಕ್ಕ ಮಾತ್ರ ಸಮಾಧಾನದ ಮಾತಿಗೆ ಹೋಗಲಿಲ್ಲ. ನೇರ ಕೇಳಿದರು: "ಅವರ ಸರ್ವಿಸ್ ನಂಬರ್ ಎಷ್ಟು? ಯಾವ ರೆಜಿಮೆಂಟು?"

ಅದು ಗೊತ್ತಿಲ್ಲದೆ ಅರ್ಜಿ ಎಲ್ಲಿಗೆ ಅಂತ ಕಳಿಸೋದು? ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಆದರೆ ಸೈನಿಕರ ದಾಖಲೆ ಇಡುವ ರೆಕಾರ್ಡ್ ಆಫೀಸು ಬೆಂಗಳೂರಿನಲ್ಲಿ, ಸಿಗ್ನಲ್ಸ್ ಆದರೆ ಜಬಲ್ಪುರ, ಇಎಂಇ (ಸೈನ್ಯದ ಎಲೆಕ್ಟ್ರಾನಿಕ್ಸ್ ಮತ್ತು ಮೆಕ್ಯಾನಿಕಲ್ ಎಂಜಿನಿಯರ್ ವಿಭಾಗ) ಆದರೆ ಸಿಕಂದರಾಬಾದ್, ಆರ್ಟಿಲರಿ ಆದರೆ ನಾಸಿಕ್. ಇವರದ್ದು ನಾಸಿಕ್. ಎರಡೂ ಹೆಸರು ಒಬ್ಬರದ್ದೇ ಅಂತ ಅಫಿಡವಿಟ್ ಮಾಡಿಸಿ, ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಕಳಿಸೋಣ ಅಂತ ತೀರ್ಮಾನವಾಯಿತು. ಅಫಿಡವಿಟ್‌ನ ಕರಡು ನಾನೇ ಟೈಪ್ ಮಾಡಿದೆ. ಒಂದೊಂದು ಅಕ್ಷರವನ್ನೂ ಮಗಳು ಬೆರಳಿಟ್ಟು ಓದಿದಳು.

ಮನೆಗೆ ಬಂದ ಮೇಲೂ ಸಿಟ್ಟು ಇಳಿದಿಲ್ಲ. ಸನ್ಮಾನ ಸಮಾರಂಭಗಳು ನಮ್ಮಲ್ಲಿ ಬೇಕಾದಷ್ಟು ನಡೆಯುತ್ತವೆ. ಆ ವೇದಿಕೆಯಲ್ಲೇ ಯಾರಾದರೂ "ನಿಮ್ಮ ಪಿಪಿಒದಲ್ಲಿ ಹೆಂಡತಿ ಹೆಸರು ಸರಿಯಾಗಿದೆಯಾ, ನೋಡಿದ್ದೀರಾ?" ಅಂತ ಕೇಳಿದ್ದರೆ ಸಾಕಿತ್ತು. ಗಂಡ ಬದುಕಿರುವಾಗ ಒಂದು ಅರ್ಜಿಯಲ್ಲಿ ಶುರುವಾಗುವ ಕೆಲಸ ಇದು.

ಡಿಸೆಂಬರ್ 7ಕ್ಕೆ ಸಶಸ್ತ್ರ ಪಡೆಗಳ ಧ್ವಜ ದಿನ. 1949ರಿಂದ ನಡೆದುಬಂದಿದೆ. ಗುಂಪಿನವರು ಬಾವುಟ ಹಂಚಿ ದೇಣಿಗೆ ಸಂಗ್ರಹಕ್ಕೆ ಹೋಗುತ್ತಾರೆ. ನಾನು ಡಬ್ಬಿ ಹಿಡಿಯಲ್ಲ, ಪಕ್ಕದಲ್ಲೊಂದು ಮೇಜು ಹಾಕಿಕೊಡಿ, ಬಂದವರ ಪಿಪಿಒ ನೋಡ್ತೀನಿ ಅಂದೆ. ಒಪ್ಪಿದರು. ಮೇಜು ಹೊಂದಿಸುವ ಕೆಲಸವನ್ನೂ ನನ್ನ ತಲೆಗೇ ಕಟ್ಟಿದರು.