ಒಂದೂವರೆ ಲಕ್ಷದ ಕಾರು ಮತ್ತು ರೇಡಿಯೇಟರಿನ ನೀರು

ಭರಮಸಾಗರದ ಬಳಿ ಹೆದ್ದಾರಿಯ ಪಕ್ಕದಲ್ಲಿ ಬಾನೆಟ್ ಎತ್ತಿಕೊಂಡು ನಿಂತಿದ್ದ ಆ ಮಧ್ಯಾಹ್ನವನ್ನು ನಾನಿನ್ನೂ ಮರೆತಿಲ್ಲ. ದಾವಣಗೆರೆಯಲ್ಲಿ ಕೊಂಡು ಮೂರು ವಾರವೂ ಆಗಿರದ ಹಳೆಯ ಕಾರು ಚಿತ್ರದುರ್ಗ ಮುಟ್ಟುವ ಮೊದಲೇ ಕುದಿಯತೊಡಗಿತ್ತು. ಮರುದಿನ ಬಿಚ್ಚಿ ನೋಡಿದ ಮೆಕ್ಯಾನಿಕ್, ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ಥರ್ಮೋಸ್ಟ್ಯಾಟ್ ವಾಲ್ವನ್ನು ಯಾರೋ ಎಂದೋ ಕಿತ್ತುಹಾಕಿದ್ದಾರೆಂದೂ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಕೆಳಗಿನ ಸೀಲು) ಹೋಗಿದೆಯೆಂದೂ ಹೇಳಿದರು. ಆ ವಾಲ್ವ್ ಇಲ್ಲದಿದ್ದರೆ ನೀರು ಶುರುವಿನಿಂದಲೇ ರೇಡಿಯೇಟರಿನಲ್ಲಿ ಸುತ್ತುತ್ತಿರುವುದರಿಂದ, ಊರೊಳಗೆ ಹತ್ತು ನಿಮಿಷ ಓಡಿಸಿ ನೋಡುವವನಿಗೆ ಎಂಜಿನ್ ಬಿಸಿಯಾಗುವ ದೋಷ ಕಾಣುವುದೇ ಇಲ್ಲ. ಮಾರುವವನಿಗೆ ಬೇಕಾದದ್ದೂ ಆ ಹತ್ತು ನಿಮಿಷವೇ. ಹೆಡ್ಡಿನ ಮುಖ ಸಮ ಮಾಡಿಸುವ ಹೆಡ್ ಫೇಸಿಂಗ್, ಗ್ಯಾಸ್ಕೆಟ್, ಕೂಲಿ ಎಲ್ಲ ಸೇರಿ ನನಗೆ ಹತ್ತೊಂಬತ್ತು ಸಾವಿರ ರೂಪಾಯಿ ಬಿತ್ತು.

ಆದ್ದರಿಂದ ಕಳೆದ ಬೇಸಿಗೆಯಲ್ಲಿ ನನ್ನ ಭಾವಮೈದುನ ಒಂದೂವರೆ ಲಕ್ಷದೊಳಗೆ ಒಂದು ಕಾರು ನೋಡಿಕೊಡಿ ಎಂದು ಕೇಳಿದಾಗ, ನಾನು ಮೊದಲು ಹಾಕಿದ ಷರತ್ತು ಬೆಳಗಿನ ಆರೂವರೆಗೆ ಗಾಡಿ ನೋಡಲು ಬರಬೇಕೆಂಬುದು. ಈ ಬೆಲೆಗೆ ಸಿಗುವುದು ಹತ್ತು ಹದಿಮೂರು ವರ್ಷ ಓಡಿದ ಗಾಡಿ. ಆ ವಯಸ್ಸಿಗೆ ಬಂದ ಮೇಲೆ ಕಂಪನಿ ಯಾವುದೆಂಬುದಕ್ಕಿಂತ ಇಟ್ಟುಕೊಂಡವರು ಹೇಗೆ ಇಟ್ಟುಕೊಂಡಿದ್ದರೆಂಬುದೇ ಹೆಚ್ಚು ತೂಗುತ್ತದೆ ಎಂಬುದು ನನ್ನ ಅಭಿಪ್ರಾಯ, ಮತ್ತು ಅದು ತಣ್ಣಗಿರುವ ಎಂಜಿನ್ನಿನಲ್ಲಿ ಕಾಣುವಷ್ಟು ಚೆನ್ನಾಗಿ ಬೇರೆಲ್ಲೂ ಕಾಣುವುದಿಲ್ಲ. ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಹಿಂದಿನ ರಾತ್ರಿಯೇ ಫೋನಿನಲ್ಲಿ ಹೇಳಿದ್ದರೂ, ವಿದ್ಯಾನಗರದಲ್ಲಿ ನೋಡಿದ ಮೊದಲ ಗಾಡಿಯ ಬಾನೆಟ್ ಮೇಲೆ ಕೈಯಿಟ್ಟಾಗ ಬೆಚ್ಚಗಿತ್ತು. “ತೊಳೆಯೋಕೆ ಅಂತ ಸ್ವಲ್ಪ ಮುಂದೆ ತಂದೆ ಸಾರ್” ಎಂದರು. ಮುಂದೆ ತಂದ ಮಾತ್ರಕ್ಕೆ ಬಾನೆಟ್ ಬೆಚ್ಚಗಾಗುವುದಿಲ್ಲ. ನಾವು ಕಾಫಿಯನ್ನೂ ಕುಡಿಯದೆ ಹೊರಟೆವು.

ತಣ್ಣಗಿರುವ ಗಾಡಿಯಲ್ಲಿ ನಾನು ಮೊದಲು ತೆಗೆಸುವುದು ರೇಡಿಯೇಟರಿನ ಮುಚ್ಚಳ. (ಬಿಸಿಯಿರುವಾಗ ಇದನ್ನು ತೆಗೆದರೆ ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ, ಬೆಳಗ್ಗೆಯೇ ಹೋಗಬೇಕೆನ್ನುವುದಕ್ಕೆ ಇದೂ ಒಂದು ಕಾರಣ.) ಒಳಗೆ ಹಸಿರೋ ಕೆಂಪೋ ನೀಲಿಯೋ ಇರುವ ಕೂಲೆಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ, ತಿಳಿಯಾಗಿ ಕಾಣಬೇಕು. ಆದರೆ ನಮ್ಮ ಸೀಮೆಯಲ್ಲಿ ಬೋರಿನ ನೀರನ್ನೇ ಸುರಿದು ವರ್ಷಗಟ್ಟಲೆ ಓಡಿಸುವವರು ಬಹಳ ಮಂದಿ. ಸ್ನಾನದ ಹಂಡೆಯ ತಳದಲ್ಲಿ ಬಿಳಿಯ ಪದರ ಕಟ್ಟುವ ಅದೇ ಗಡಸು ನೀರು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಪದರ ಕಟ್ಟುತ್ತದೆ, ಕಬ್ಬಿಣದ ಭಾಗಗಳಿಗೆ ತುಕ್ಕು ಹಿಡಿಸುತ್ತದೆ. ಹದಡಿ ರಸ್ತೆಯ ಕಡೆ ನೋಡಿದ ಎರಡನೆಯ ಗಾಡಿಯ ಮುಚ್ಚಳದ ರಬ್ಬರಿನ ಸುತ್ತ ಸುಣ್ಣದಂಥ ಪುಡಿ ಮೆತ್ತಿಕೊಂಡಿತ್ತು. ಬೆರಳು ಅದ್ದಿ ತೆಗೆದರೆ ಕೆಮ್ಮಣ್ಣು ಕದಡಿದಂತಹ ನೀರು. ಹೊರಗಿನಿಂದ ಮಾತ್ರ ಅದು ಕನ್ನಡಿಯಂತೆ ಹೊಳೆಯುತ್ತಿತ್ತು. “ಹೊಸ ಗಾಡಿ ಇದ್ದಂಗೆ ಐತಲ್ಲ ಭಾವ” ಎಂದು ಭಾವಮೈದುನ ಕಿವಿಯಲ್ಲಿ ಹೇಳಿದ್ದ.

ಅದೇ ಗಾಡಿ ಮೀಟರಿನ ವಿಷಯದಲ್ಲಿಯೂ ಒಂದು ಪಾಠ ಕಲಿಸಿತು. ಮೀಟರ್ 46,000 ಕಿಲೋಮೀಟರ್ ತೋರಿಸುತ್ತಿತ್ತು. ಆದರೆ ಕ್ಲಚ್ ಪೆಡಲಿನ ರಬ್ಬರು ಗೆರೆಗಳೆಲ್ಲ ಸವೆದು ನುಣ್ಣಗಾಗಿತ್ತು, ಮತ್ತು ಡ್ರೈವರ್ ಬಾಗಿಲಿನ ಒಳ ಅಂಚಿನಲ್ಲಿ, ಮಾರುವವರ ಕಣ್ಣಿಗೆ ಬೀಳದೆ ಉಳಿದಿದ್ದ ಆಯಿಲ್ ಬದಲಾವಣೆಯ ಹಳೆಯ ಚೀಟಿಯೊಂದರಲ್ಲಿ ಮುಂದಿನ ಬದಲಾವಣೆ 72,000ಕ್ಕೆ ಎಂದು ಬಾಲ್ ಪೆನ್ನಿನಲ್ಲಿ ಬರೆದಿತ್ತು. ಚೀಟಿ ಎಲ್ಲರಿಗೂ ಸಿಗುವುದಿಲ್ಲವಾದ್ದರಿಂದ, ಕಂಪನಿಯ ಸರ್ವಿಸ್ ಸೆಂಟರಿಗೆ ಮಾಲೀಕರನ್ನೇ ಕರೆದುಕೊಂಡು ಹೋಗಿ ಹಿಂದಿನ ಸರ್ವಿಸ್‌ಗಳ ದಾಖಲೆ ಕೇಳುವುದು ಒಳ್ಳೆಯದು.

ಆಯಿಲ್ ತುಂಬುವ ಮುಚ್ಚಳದ ಕೆಳಗೆ ಮಜ್ಜಿಗೆಯ ನೊರೆಯಂತಹ ಬಿಳಿ ಜಿಡ್ಡು ಇದ್ದರೆ ನೀರು ಆಯಿಲ್‌ಗೆ ಸೇರುತ್ತಿರಬಹುದೆಂದು ಅನುಮಾನಿಸಬೇಕು. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ; ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಉರಿಯುತ್ತಿದೆ. ಇವೆರಡರಲ್ಲಿ ಯಾವುದು ಕಂಡರೂ ಬೆಲೆ ಇಳಿಸಿಕೊಂಡು ಕೊಳ್ಳುವ ಯೋಚನೆ ಬೇಡ, ಏಕೆಂದರೆ ಎಂಜಿನ್ ಕೆಲಸದ ಖರ್ಚು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಬಿಚ್ಚುವ ಮೊದಲು ಯಾರೂ ಹೇಳಲಾರರು.

ಬಾಡಿಯ ವಿಷಯದಲ್ಲಿ ನಮ್ಮ ಬಯಲುಸೀಮೆಯ ಗಾಡಿಗಳಿಗೆ ಒಂದು ಅನುಕೂಲವಿದೆ. ಚಿತ್ರದುರ್ಗ, ದಾವಣಗೆರೆಯ ಕೆಎ-16, ಕೆಎ-17ರ ಗಾಡಿಗಳು ಧೂಳು ತಿಂದಿರುತ್ತವೆಯೇ ಹೊರತು ತುಕ್ಕು ಹಿಡಿದಿರುವುದು ಕಡಿಮೆ. ಮಂಗಳೂರು, ಉಡುಪಿಯ ಕೆಎ-19, ಕೆಎ-20 ನಂಬರಿನವು ಕಡಿಮೆ ಬೆಲೆಗೆ ಬಂದರೆ ಕಾರ್ಪೆಟ್ ಎತ್ತಿ ಫ್ಲೋರನ್ನು ಒತ್ತಿ ನೋಡದೆ ಮಾತು ಮುಂದುವರಿಸಬಾರದು. ಅಪಘಾತವಾದದ್ದನ್ನು ತಿಳಿಯಲು ಬಾನೆಟ್ ಮತ್ತು ಮಡ್‌ಗಾರ್ಡಿನ ಬೋಲ್ಟ್‌ಗಳನ್ನು ನೋಡಬೇಕು. ಸ್ಪ್ಯಾನರ್ ಬಿದ್ದಿದ್ದರೆ ಅವುಗಳ ಅಂಚಿನ ಬಣ್ಣ ಎದ್ದಿರುತ್ತದೆ. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. 2314 ಎಂದಿದ್ದರೆ 2014ರ 23ನೇ ವಾರ, ಅಂದರೆ ಗೆರೆ ಎಷ್ಟೇ ಉಳಿದಿದ್ದರೂ ಆ ಟೈರಿನ ಕಾಲ ಮುಗಿದಿದೆ.

ಓಡಿಸಿ ನೋಡುವುದನ್ನು ಎರಡು ಭಾಗ ಮಾಡುತ್ತೇನೆ. ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿ ಅರ್ಧ ಗಂಟೆಯಾದರೂ ಓಡಿಸಬೇಕು. ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಶಬ್ದ ಮಾತ್ರ ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಹೋಗಿದೆ. ಆಮೇಲೆ ಎ.ಸಿ. ಹಾಕಿಕೊಂಡು, ಲಾರಿಗಳು ಅಕ್ಕಿ ಮೂಟೆ ಇಳಿಸುವ ಹೊತ್ತಿಗೆ ಮಂಡಿಪೇಟೆಯ ಸಂದಣಿಯಲ್ಲಿ ತೆವಳಬೇಕು; ಎಂಜಿನ್ ಕುದಿಯುವ ದೋಷವಿದ್ದರೆ ಅಲ್ಲಿ ಹೊರಬೀಳುತ್ತದೆ. ಭರಮಸಾಗರದಲ್ಲಿ ನನಗೆ ಗೊತ್ತಾದದ್ದು ಮಂಡಿಪೇಟೆಯಲ್ಲೇ ಗೊತ್ತಾಗಿಬಿಡುತ್ತಿತ್ತು.

ಮೂರನೆಯ ಭಾನುವಾರ ಹರಿಹರದಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಬಳಿ 2013ರ ಆಲ್ಟೋ 800 ಸಿಕ್ಕಿತು. ಬಂಪರಿಗೆ ಗೀರು, ಛಾವಣಿಯ ಬಣ್ಣ ಮಂಕು. ಆದರೆ ಕೂಲೆಂಟ್ ಹಸಿರಾಗಿತ್ತು, ಮೇಷ್ಟ್ರು ಪ್ರತಿ ಸರ್ವಿಸ್‌ನ ಬಿಲ್ಲನ್ನೂ ದಾರ ಪೋಣಿಸಿ ಇಟ್ಟಿದ್ದರು. ಆ ಎಂಜಿನ್ನಿನ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ನಡೆಸಲು ಟೈಮಿಂಗ್ ಚೈನ್ ಇಲ್ಲ, ಕಾಲಕಾಲಕ್ಕೆ ಬದಲಿಸಬೇಕಾದ ಬೆಲ್ಟ್ ಇದೆ; ಬೆಲ್ಟ್ ಬದಲಿಸಿದ ಬಿಲ್ ಮಾತ್ರ ಆ ದಾರದಲ್ಲಿ ಇರಲಿಲ್ಲವಾದ್ದರಿಂದ ಅದನ್ನೇ ಹಿಡಿದು ಮಾತಾಡಿ 1,65,000 ಇದ್ದ ಬೆಲೆಯನ್ನು 1,42,000ಕ್ಕೆ ತಂದೆವು. ಆರ್‌ಸಿಯಲ್ಲಿ ಸಾಲದ ನಮೂದು ಇಲ್ಲವೆಂದು ಪರಿವಾಹನ್ ಜಾಲತಾಣದಲ್ಲಿ ನೋಡಿ, ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಎದುರಿಗೇ ಸಹಿ ಹಾಕಿಸಿಕೊಂಡೆವು. ಹದಿನೈದು ವರ್ಷದ ನೋಂದಣಿ 2028ಕ್ಕೆ ಮುಗಿಯುತ್ತದೆ. 2022ರ ಏಪ್ರಿಲ್‌ನಲ್ಲಿ ನವೀಕರಣದ ಶುಲ್ಕವೇ 600 ರೂಪಾಯಿಯಿಂದ 5,000ಕ್ಕೆ ಏರಿರುವುದನ್ನೂ ಲೆಕ್ಕಕ್ಕೆ ಹಿಡಿದಿದ್ದೇವೆ.

ಕೊಂಡ ವಾರವೇ ಬೆಲ್ಟ್, ಹೋಸ್‌ಗಳು ಮತ್ತು ಎರಡು ಟೈರು ಹಾಕಿಸಿದೆವು. ಅದಕ್ಕೆಂದು ಎತ್ತಿಟ್ಟಿದ್ದ ಹದಿನೈದು ಸಾವಿರದಲ್ಲಿ ಮುನ್ನೂರು ರೂಪಾಯಿ ಉಳಿಯಿತು. ಭಾವಮೈದುನ ಈಗ ಅದರಲ್ಲೇ ವಾರಕ್ಕೆರಡು ಸಲ ಚಿತ್ರದುರ್ಗಕ್ಕೆ ಹೋಗಿ ಬರುತ್ತಾನೆ. ಹಿಂದಿನ ಎಡಬಾಗಿಲಿನ ಗಾಜು ಎಷ್ಟು ತಿರುಗಿಸಿದರೂ ಅರ್ಧಕ್ಕೇ ನಿಲ್ಲುತ್ತದೆಂದು ಮೊನ್ನೆ ಅವನ ಹೆಂಡತಿ ಹೇಳಿದಳು. ಅಷ್ಟೆಲ್ಲ ನೋಡಿದ ನಾವಿಬ್ಬರೂ ಅದನ್ನೊಂದು ತಿರುಗಿಸಿ ನೋಡಿರಲಿಲ್ಲ.